ಬ್ಯಾಸಗ್ಯಾಗ ಹಿತ್ತಲದ ಕೋಳಿ, ಮತ್ತ ನಾ ಹೇಳಿದ ಒಂದು ಸುಳ್ಳು



ಹೋಳಿ ಹುಣ್ಣಿಮಿ ಬಣ್ಣ ತೊಳಕೊಂಡ ಮರುದಿನದಿಂದ ನಮ್ಮ ಬೇವೂರಾಗ ಬಿಸಲು ಏರಾಕ ಹತ್ತತೈತಿ. ಯುಗಾದಿ ದಾಟಿದ ಮ್ಯಾಲಂತೂ ಮುಂಜಾನೆ ಹತ್ತಕ್ಕ ಅಂಗಳದ ಫರಸಿ ಮ್ಯಾಲ ಬರಿಗಾಲಾಗ ನಿಂದ್ರಾಕ ಆಗೂದಿಲ್ಲ. ಏಪ್ರಿಲ್, ಮೇ ತಿಂಗಳಾಗ ಬಾಗಲಕೋಟಿ ಕಡೆ 40 ಡಿಗ್ರಿ ದಾಟೂದು ನಮಗೇನು ಹೊಸಾದಲ್ಲ. ನಮಗ ಮಣ್ಣಿನ ಮಾಳಗಿ ಐತಿ, ಫ್ಯಾನ್ ಐತಿ, ಗಡಗ್ಯಾಗ ಮಜ್ಜಗಿ ಐತಿ. ಹಿತ್ತಲದಾಗಿನ ಕೋಳಿಗೆ ಏನೈತಿ? ಮೈತುಂಬ ಪುಚ್ಚ ಹೊತ್ಕೊಂಡು ಬಾಯಿ ತಕ್ಕೊಂಡು ನಿಂತಿರ್ತಾವ.

ಕೋಳಿ ಸಾಕೂದರ ಬಗ್ಗೆ ಬರಿ ಅಂತ ನಮ್ಮ ನೆಗೆಣ್ಣಿ ಎರಡು ವರ್ಷದಿಂದ ಹೇಳಾಕ ಹತ್ಯಾಳ. ನಾ ಮುಂದಕ್ಕ ಹಾಕ್ಕೋಂತ ಬಂದೆ. ಯಾಕಂದ್ರ ಬರದ್ರ ಒಂದು ಮಾತು ಒಪ್ಪಿಕೋಬೇಕಾಗತೈತಿ. ಇವತ್ತ ಅದನ್ನೂ ಬರೀತೀನಿ.

ನಾ ಈ ಮನಿಗೆ ಸೊಸಿಯಾಗಿ ಬಂದಾಗ ನಮ್ಮ ಅತ್ತಿಯವರ ಹಂತ್ಯಾಕ ಚುಕ್ಕಿ ಕೋಳಿ ಇದ್ವು. ಕರಿ ಮೈ ಮ್ಯಾಲ ಬಿಳಿ ಚುಕ್ಕಿ. ಅವರೂ ತವರಮನಿಯಿಂದ ಒಂದು ಹ್ಯಾಟಿ ತಂದು, ಅದರದ ಸಂತಾನ ಬೆಳಸಿದ್ರಂತ. ತತ್ತಿ ರೊಕ್ಕ ಮನಿ ಹೆಣಮಕ್ಕಳದು, ಅದಕ್ಕ ಗಂಡಸರು ಕೈ ಹಚ್ಚೂದಿಲ್ಲ ಅನ್ನೂದು ಅವರ ಕಾಲದಿಂದ ಬಂದ ಪದ್ಧತಿ. ಮಗಳ ಪಿಯುಸಿ ಪುಸ್ತಕ, ನನ್ನ ಒಂದು ಇಳಕಲ್ಲ ಸೀರಿ, ಹಬ್ಬಕ್ಕ ಗುಳೇದಗುಡ್ಡದ ಖಣ, ಎಲ್ಲಾ ಆ ಡಬ್ಬಿ ರೊಕ್ಕದಾಗ ಬಂದಾವ. ಹಂಗಾಗಿ ಕೋಳಿ ಸತ್ರ ನಮಗ ಬರೇ ಕೋಳಿ ಸತ್ತಂಗ ಅಲ್ಲ.

ಅತ್ತಿಯವರ ಗೂಡು ಬೇವಿನ ಗಿಡದ ಬುಡಕ ಇತ್ತು. ಕಲ್ಲು, ಮಣ್ಣಿನ ಗೋಡಿ, ಮ್ಯಾಲ ತೊಗರಿ ಕಟಗಿ ಹಾಸಿ ಅದರ ಮ್ಯಾಲ ಜ್ವಾಳದ ಕಣಿಕಿ. ತಂಪು ಇರ್ತಿತ್ತು, ಆದ್ರ ಸಂದಿ ಭಾಳ. 2015ರ ಚಳಿಗಾಲದಾಗ ಮುಂಗಸಿ ಹೊಕ್ಕು ಮೂರು ಕೋಳಿ, ಒಂದು ಹಿಂಡು ಮರಿ ತಿಂದು ಹೋತು. ನಂಗ ಸಿಟ್ಟು ಬಂತು. ಮಗಗ ಹೇಳಿ ಹೊಸಾ ಗೂಡು ಮಾಡಿಸಿದೆ. ಕಬ್ಬಣದ ಆಂಗಲ್, ನಾಕೂ ಕಡೆ ಪತ್ರಾಸು, ಮ್ಯಾಲನೂ ಪತ್ರಾಸು, ಬಾಗಲಕ್ಕ ಕೀಲಿ. ಗಿಡದ ಬುಡಕ ಬ್ಯಾಡ, ಎಲಿ ಉದರತಾವ ಅಂತ ಪಡುವಣ ಗೋಡಿಗೆ ಹಚ್ಚಿ ಇಡಸಿದೆ. ಇರವಿನೂ ಹೋಗೂದಿಲ್ಲ ನೋಡ್ರಿ ಅಂತ ಓಣಿ ಮಂದಿಗೆಲ್ಲಾ ತೋರಿಸಿದೆ. ಇರವಿ ಹೋಗದ ಜಾಗಾದಾಗ ಗಾಳಿ ಹೆಂಗ ಹೋಗತೈತಿ ಅನ್ನೂದು ನನ್ನ ತಲಿಗೆ ಬರಲಿಲ್ಲ.

ಮುಂದ 2016ರ ಬ್ಯಾಸಗಿ ಬಂತು. ಆ ವರ್ಷದ ಬರ ನಿಮಗ ನೆನಪಿರಬೇಕು. ಅದ ಮೇ ತಿಂಗಳಾಗ ರಾಜಸ್ಥಾನದ ಫಲೋಡಿ ಅನ್ನೂ ಊರಾಗ 51 ಡಿಗ್ರಿ ಆಗಿತ್ತು ಅಂತ ಪೇಪರಿನ್ಯಾಗ ಬಂದಿತ್ತು. ನಮ್ಮಲ್ಲಿ ಅಷ್ಟಿರಲಿಲ್ಲ, ಆದ್ರೂ ಬಾವಿ ತಳ ಕಂಡಿದ್ವು. ಅತ್ತಿಯವರು ಮಗಳ ಮನಿಗೆ ಹೋಗಿದ್ರು. ಹುನಗುಂದ ಕಡೆ ಒಂದು ಮದವಿ ಇತ್ತು. ಮುಂಜಾನೆ ಮುಂಗಸಿ ಗ್ವಾಡಿ ಮ್ಯಾಲ ಓಡ್ಯಾಡೂದು ಕಂಡಿದ್ದೆ. ಅದಕ್ಕ ಹನ್ನೊಂದು ಕೋಳಿನೂ ಒಳಗ ಹಾಕಿ, ಜ್ವಾಳ ಚೆಲ್ಲಿ, ಪ್ಲಾಸ್ಟಿಕ್ ಡಬ್ಬಿಗೆ ನೀರು ತುಂಬಿ ಕೀಲಿ ಹಾಕಿದೆ. ಅಕ್ಕಿಕಾಳು ಬಿದ್ದ ಕೂಡಲೆ ತಿರುಗಿ ಬರೂದು ಅನಕೊಂಡಿದ್ದೆ. ಊಟದ ಪಂಕ್ತಿ, ಮಾತುಕತಿ, ಬಸ್ಸು ತಪ್ಪಿದ್ದು, ಎಲ್ಲಾ ಸೇರಿ ಮನಿ ಮುಟ್ಟೂದರಾಗ ಸಂಜಿ ನಾಕೂವರಿ.

ಬಾಗಲಾ ತಗದ್ರ ಹಬಿ ಮುಖಕ್ಕ ಬಡೀತು. ಎಂಟು ಕೋಳಿ ರೆಕ್ಕಿ ಅಗಲಿಸಿಕೊಂಡು ಬಿದ್ದಿದ್ವು. ಮೂರು ಜೀವ ಇದ್ವು, ಅದರಾಗ ಒಂದ ಒಂದು ಚುಕ್ಕಿ ಹ್ಯಾಟಿ. ಡಬ್ಬಿಯೊಳಗಿನ ನೀರು ಮುಟ್ಟಿ ನೋಡಿದೆ, ಜಳಕದ ನೀರಿನಷ್ಟು ಬಿಸಿ ಇತ್ತು.

ಸುಳ್ಳು ಹೇಳಿದ್ದು ಆ ಹೊತ್ತಿನ್ಯಾಗ. ಬಾಜೂ ಮನಿ ಅಕ್ಕ ಗ್ವಾಡಿ ಮ್ಯಾಲಿಂದ ಹಣಿಕಿ, ಏನಾತವ್ವಾ ಅಂದ್ಲು. ಬಾಯಿಗೆ ಬಂದದ್ದು ಒಂದ ಮಾತು: "ಬ್ಯಾನಿ ಬಂತ ನೋಡ್ರಿ." ಕೀಲಿ ಹಾಕಿ ಮದವಿ ಊಟಕ್ಕ ಹೋಗಿದ್ದೆ ಅಂತ ಹೇಳಾಕ ನಾಚಿಕಿ ಆತು. ಇಷ್ಟ ಸಣ್ಣ ಸುಳ್ಳು, ಯಾರಿಗೇನು ಆಗತೈತಿ ಅನಕೊಂಡೆ. ಎರಡು ದಿನಕ್ಕ ಆಕಿ ತನ್ನ ಆರು ಕೋಳಿ ಸಂತ್ಯಾಗ ಅರ್ಧ ರೇಟಿಗೆ ಕೊಟ್ಟು ಬಂದ್ಲು, ಬ್ಯಾನಿ ತನ್ನ ಹಿತ್ತಲಕ್ಕೂ ಬರತೈತಿ ಅಂತ ಹೆದರಿ. ಆಕಿ ಖಾಲಿ ಬುಟ್ಟಿ ಹಿಡಕೊಂಡು ಬಂದದ್ದು ನೋಡಿನೂ ನಾ ಸುಮ್ಮನಿದ್ದೆ.

ನಾಕು ದಿನಕ್ಕ ಅತ್ತಿಯವರು ಬಂದ್ರು. ಅವರಿಗೂ ಬ್ಯಾನಿ ಅಂತನ ಹೇಳಿದೆ. ಅವರು ಏನೂ ಅನಲಿಲ್ಲ. ಮರುದಿನ ಮಧ್ಯಾಹ್ನ ಮೂರಕ್ಕ ಕೋಲೂರಕೊಂಡು ಹಿತ್ತಲಕ್ಕ ಹೋಗಿ ಪತ್ರಾಸಿಗೆ ಅಂಗೈ ಇಟ್ರು, ಗಪ್ಪನ ತಕ್ಕೊಂಡ್ರು. "ಇದು ಗೂಡಲ್ಲವಾ, ಹಂಚು. ರೊಟ್ಟಿ ಬೇಯ್ತಾವ ಇದರ ಮ್ಯಾಲ" ಅಂದ್ರು. ಅಷ್ಟ. ಬೈಯಲಿಲ್ಲ. ಅವತ್ತ ಸಂಜಿಮುಂದ ಇಬ್ರೂ ಕೂಡಿ ಗೂಡು ಬಿಚ್ಚಸಾಕ ಶುರು ಮಾಡಿದ್ವಿ.

ಈಗ ಮಾಡೂದು ಹೆಂಗಂದ್ರ, ಮದ್ಲ ಜಾಗಾ. ಗೂಡು ತಿರುಗಿ ಬೇವಿನ ಗಿಡದ ಬುಡಕ ಹೋತು. ಊರ ಹೆಸರಿನ್ಯಾಗನ ಬೇವು ಇಟಗೊಂಡು ನಾ ಬಿಸಲಾಗ ಗೂಡು ಇಟ್ಟಿದ್ದೆ ನೋಡ್ರಿ. ಸಂಜಿ ಬಿಸಲು ಮಧ್ಯಾಹ್ನದ ಬಿಸಲಿಗಿಂತ ಕೆಟ್ಟದ್ದು, ಓರೆ ಬಂದು ಗ್ವಾಡಿ ಕಾಸತೈತಿ. ಪಡುವಣ ಕಡೆ ನೆರಳು ಇರಾಕಬೇಕು. ಎರಡು ಕಡೆ ಪತ್ರಾಸು ತಗದು ಗಟ್ಟಿ ತಂತಿ ಜಾಳಗಿ ಹಚ್ಚಿಸಿದ್ವಿ. ಗಾಳಿ ಒಂದ ಕಡೆಯಿಂದ ಬಂದ್ರ ಸಾಲೂದಿಲ್ಲ, ಎದುರಾಬದುರ ಹಾದು ಹೋಗಬೇಕು. ಜಾಳಗಿ ಕಿಂಡಿ ಬೆರಳು ಹಿಡೀದಷ್ಟು ಸಣ್ಣವು ಇರಲಿ, ದೊಡ್ಡ ಕಿಂಡ್ಯಾಗ ಹಾವು, ಇಲಿ ಹೊಕ್ತಾವ. ಮುಂಗಸಿ ನೆಲಾ ಕೆದರಿ ಬರತೈತಿ, ಅದಕ್ಕ ಜಾಳಗೀನ ಒಂದು ಗೇಣು ಮಣ್ಣಾಗ ಹುಗದು ಸುತ್ತ ಕಲ್ಲು ಇಟ್ಟೀವಿ. ಮ್ಯಾಲಿನ ಪತ್ರಾಸಿಗೆ ಸುಣ್ಣ ಬಳದು, ಮ್ಯಾಲ ದಪ್ಪಂಗ ಕಣಿಕಿ. ಬಿಳಿ ಸುಣ್ಣ ಬಿಸಲು ವಾಪಸ್ ಹೊಡಿತೈತಿ. ಕಳ್ಳ ಬರಬಾರದು, ಗಾಳಿ ಬರಬೇಕು, ಎರಡೂ ಕೂಡಿ ಆಗೂದು ಜಾಳಗ್ಯಾಗ ಮಾತ್ರ. ಹಗಲಿ ಯಾರಿಲ್ಲದ ಹೊತ್ತಿನ್ಯಾಗ ಕೂಡಿ ಹಾಕೂದಂತೂ ಬ್ಯಾಡ. ಊರಿಗೆ ಹೋಗೂದಿದ್ರ ಬಾಜೂದವರಿಗೆ ಹೇಳಿ ಹೋಗ್ರಿ.

ಆಮ್ಯಾಲ ನೀರು. ದನದ ದವಾಖಾನಿ ಡಾಕ್ಟರು ಒಮ್ಮೆ ನಂಗ ಬಿಡಿಸಿ ಹೇಳಿದ್ರು. ಕೋಳಿಗೆ ಬೆವರು ಬರೂದಿಲ್ಲ. ಅದರ ಮೈ ಕಾವು ಮದ್ಲ 41 ಡಿಗ್ರಿ ಮ್ಯಾಲ ಇರತೈತಿ. ಬಾಯಿ ತಗದು ತೇಕಿದ್ರ ಮಾತ್ರ ಒಳಗಿನ ಕಾವು ಹೊರಗ ಬರತೈತಿ, ಸ್ವಲ್ಪ ಜುಟ್ಟಿನಿಂದ, ಕಾಲಿನಿಂದ ಹೋಗತೈತಿ. ತೇಕಿದಷ್ಟೂ ಮೈಯಾಗಿನ ನೀರು ಕಡಿಮಿ ಆಗತೈತಿ. ಬ್ಯಾಸಗ್ಯಾಗ ದಿನಾ ಕುಡಿಯೂದರ ಎರಡು ಮೂರು ಪಟ್ಟು ಕುಡಿತಾವ. ಆದ್ರ ಬಿಸಿ ನೀರು ಕೊಟ್ರ ಮೂಸಿನೂ ನೋಡೂದಿಲ್ಲ. ನಾ ಈಗ ಮಣ್ಣಿನ ಅಗಲ ಬಾಯಿ ಗಡಗಿ ಮೂರು ಕಡೆ ಇಡ್ತೀನಿ, ಎಲ್ಲಾ ನೆರಳಿನ್ಯಾಗ. ಒಂದ ಕಡೆ ಇಟ್ರ ಹುಂಜ ಉಳಿದವಕ್ಕ ಬಿಡೂದಿಲ್ಲ. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ ನೀರು ಬದಲಿ. ಮರಿ ಇದ್ರ ನೀರಾಗ ನಾಕು ಹಳ್ಳು ಹಾಕ್ರಿ, ಮುಳಗೂದಿಲ್ಲ. ಭಾಳ ಬಿಸಲಿದ್ದ ದಿನ ಒಂದು ಗಡಗಿಗೆ ಬೆಲ್ಲದ ತುಣುಕು, ಚಿಟಿಕಿ ಉಪ್ಪು ಹಾಕ್ತೀನಿ, ಬಾಜೂದಾಗ ಬರೇ ನೀರಿನ ಗಡಗಿನೂ ಇರಬೇಕು. ನೀರ ಮಜ್ಜಗಿನೂ ಕೊಡ್ತೀನಿ, ಸಂಜಿತನಾ ಬಿಟ್ರ ಹುಳಿ ಬಂದು ನೊಣ ಮುತ್ತತಾವ, ತಾಸಿಗೆ ತಗದ ಬಿಡ್ರಿ.

ಬಚ್ಚಲ ನೀರು ಹೋಗೂ ದಾರ್ಯಾಗ ಕರಿಬೇವಿನ ಗಿಡ ಐತಿ. ಅದರ ಬುಡದ ಹಸಿ ಮಣ್ಣಾಗ ಕೆದರಿ, ತಗ್ಗು ಮಾಡಿ, ಹೊಟ್ಟಿ ಹಚ್ಚಿ ಮಲಗತಾವ. ಮದ್ಲ ನಾ ಹೊಡದು ಓಡಸ್ತಿದ್ದೆ, ಗಿಡಾ ಕೆಡಸ್ತಾವ ಅಂತ. ಈಗ ನಾನ ಒಂದು ತಂಬಗಿ ನೀರು ಚಿಮಕಿಸ್ತೀನಿ. ಜಾಳಗಿ ಮ್ಯಾಲ ಗೋಣಿಚೀಲ ತೋಯ್ಸಿ ಇಳಿ ಬಿಡ್ತೀನಿ, ಗಾಳಿ ಹಾಯೂವಾಗ ಮಾತ್ರ. ಗಾಳಿ ಇಲ್ಲದಾಗ ಗೂಡೊಳಗ ನೀರು ಹೊಡದ್ರ ಹಬಿ ಕೂಡಿ ಇನ್ನಷ್ಟು ತ್ರಾಸ ಆಗತೈತಿ.

ಕಾಳಿನ ಮಾತು. ಮಧ್ಯಾಹ್ನ ಜ್ವಾಳ, ಮೆಕ್ಕಿಜ್ವಾಳ ಹಾಕಬ್ಯಾಡ್ರಿ. ತಿಂದದ್ದು ಅರಗೂವಾಗ ಮೈಯಾಗ ಕಾವು ಹುಟ್ಟತೈತಿ, ಹೊರಗಿನ ಬಿಸಲು, ಒಳಗಿನ ಕಾವು ಕೂಡಿದ್ರ ತಡಕೊಳ್ಳಾಕ ಆಗೂದಿಲ್ಲ. ಬೆಳಗು ಹರಿಯೂದಕ್ಕೊಮ್ಮೆ, ಹೊತ್ತು ಮುಳುಗೂದಕ್ಕೊಮ್ಮೆ ಕಾಳು. ನಡು ಹಗಲಿ ಸವತಿಕಾಯಿ ಸಿಪ್ಪಿ, ಕಲ್ಲಂಗಡಿ ಸಿಪ್ಪಿ, ಮೆಂತೆ ಪಲ್ಯಾದ ದಂಟು. ಬ್ಯಾಸಗ್ಯಾಗ ತತ್ತಿ ಕಡಿಮಿ ಆಗತಾವ, ಸಿಪ್ಪಿನೂ ತೆಳು ಬರತೈತಿ. ಭಾಳ ತೇಕಿದ್ರ ರಕ್ತದಾಗ ಏರುಪೇರಾಗಿ ಸಿಪ್ಪಿ ಗಟ್ಟಿ ಕೂಡೂದಿಲ್ಲಂತ. ಯಾರದೋ ಕಣ್ಣು ಬಿತ್ತು ಅಂತ ನಿಂಬಿಹಣ್ಣು ನೀವಾಳಿಸಬ್ಯಾಡ್ರಿ, ಅದರ ರಸಾ ನೀರಿಗೆ ಹಿಂಡ್ರಿ. ತತ್ತಿ ಸಿಪ್ಪಿ ಹುರದು ಪುಡಿ ಮಾಡಿ ಕಾಳಿನ್ಯಾಗ ಕಲಸ್ರಿ. ಕಾವಿಗೆ ಕೂಡಸೂದು ರೋಹಿಣಿ ಮಳಿ ಬರೂತನಾ ತಡೀರಿ. ಕೂತ ಹ್ಯಾಟಿ ನೀರಿಗೂ ಏಳೂದಿಲ್ಲ, 21 ದಿನ ಈ ಬಿಸಲಾಗ ಕೂತ್ರ ತತ್ತಿನೂ ಹಾಳು, ಕೋಳಿನೂ ಹಾಳು.

ಬಿಸಲು ಬಡದ ಕೋಳಿ ಹೆಂಗ ಗುರುತಾಗತೈತಿ? ರೆಕ್ಕಿ ಮೈಯಿಂದ ದೂರ ಹಿಡದಿರತೈತಿ, ಬಾಯಿ ತಗದು ತೇಕತೈತಿ, ಕಾಲು ತಡವರಿಸಿ ಕೂತ ಬಿಡತೈತಿ. ಅದನ್ನ ನೆರಳಿಗೆ ತಂದು ಬಕೀಟಿನ ತಂಪು ನೀರಾಗ ಕುತ್ತಿಗಿತನಾ ಇಳಸ್ರಿ, ತಲಿ ಮ್ಯಾಲ ಇರಲಿ. ಫ್ರಿಜ್ ನೀರು ಬ್ಯಾಡ. ಜುಟ್ಟಿಗೆ, ಕಾಲಿಗೆ ಒದ್ದಿ ಅರಬಿ ಹಚ್ಚರಿ. ಬಾಯಾಗ ನೀರು ಸುರುವಬ್ಯಾಡ್ರಿ, ಉಸರಿನ ಕೊಳವಿಗೆ ಹೋಗತೈತಿ. ಚೇತರಿಸಿಕೊಂಡ ಮ್ಯಾಲ ತಾನ ಕುಡಿತೈತಿ. ಆ ದಿನ ಉಳಿದ ಮೂರೂ ಹಿಂಗ ಬದುಕಿದ್ವು.

ಬ್ಯಾನಿ ಬ್ಯಾರೇನ ಇರತೈತಿ. ಕೊಕ್ಕರೆ ರೋಗ, ರಾಣಿಖೇತ್ ಅಂತಾರ, ಅದೂ ಬ್ಯಾಸಗ್ಯಾಗನ ಜಾಸ್ತಿ. ಅದರಾಗ ತಂಪು ಹೊತ್ತಿನ್ಯಾಗೂ ತೇಕತಾವ, ಹಸರು ಹಿಕ್ಕಿ ಹಾಕ್ತಾವ, ಕುತ್ತಿಗಿ ತಿರುವತಾವ, ಒಂದರ ಹಿಂದ ಒಂದು ಸಾಯ್ತಾವ. ಅದಕ್ಕ ಔಷಧ ಇಲ್ಲ, ಲಸಿಕಿ ಒಂದ ದಾರಿ. ಮರಿ ಒಂದು ವಾರದ್ದಿದ್ದಾಗ ಕಣ್ಣಿಗೆ, ಇಲ್ಲಾ ಮೂಗಿಗೆ ಹನಿ ಹಾಕ್ತಾರ, ಮುಂದ ದೊಡ್ಡವಾದ ಮ್ಯಾಲ ಸೂಜಿ. ದನದ ದವಾಖಾನ್ಯಾಗ ಕೇಳ್ರಿ. ಬಿಸಲು ಏರೂದಕ್ಕಿಂತ ಮದ್ಲ ಹಾಕಸ್ರಿ, ಲಸಿಕಿ ಬರ್ಫದಾಗ ಇಟ್ಟು ತರಬೇಕು. ಸತ್ತ ಕೋಳಿ ತಿಪ್ಪಿಗೆ ಒಗೀಬ್ಯಾಡ್ರಿ, ಆಳಕ್ಕ ಹುಗದು ಸುಣ್ಣ ಹಾಕ್ರಿ. ಮತ್ತ ಓಣ್ಯಾಗ ಎಲ್ಲಾರಿಗೂ ಹೇಳ್ರಿ.

ಅದನ್ನ ಬರಿಯೂವಾಗ ಕೈ ನಿಂತಿತು. ಯಾಕಂದ್ರ ಬ್ಯಾನಿ ಬಂದಾಗ ಹೇಳಬೇಕು, ಬರದಿದ್ದಾಗ ಬಂತು ಅನ್ನಬಾರದು. ಖರೇ ಕಾರಣ ಹೇಳಿದ್ರ ಬಾಜೂ ಮನಿ ಅಕ್ಕ ತನ್ನ ಗೂಡಿಗೆ ಒಂದು ಕಿಡಕಿ ಇಡ್ತಿದ್ಲು, ಕೋಳಿ ಮಾರ್ತಿರಲಿಲ್ಲ.

ಉಳಿದ ಆ ಚುಕ್ಕಿ ಹ್ಯಾಟಿ ಮಳಿಗಾಲದಾಗ ಕಾವಿಗೆ ಕೂತು ಒಂಬತ್ತು ಮರಿ ಮಾಡಿತು. ಅವು ಹ್ಯಾಟಿ ಆದ ಮ್ಯಾಲ ಅತ್ತಿಯವರು ಎರಡು ಆರಿಸಿ ಬುಟ್ಟ್ಯಾಗ ಹಾಕಿ, "ಇವನ್ನ ಒಯ್ದು ಕೊಟ್ಟು ಹೇಳಿ ಬಾ" ಅಂದ್ರು. ಅಂದ್ರ ಅವರಿಗೆ ಎಲ್ಲಾ ಗೊತ್ತಿತ್ತು. ನಾ ಹೋಗಿ ಹೇಳಿದೆ. ಆಕಿ ಸ್ವಲ್ಪ ಹೊತ್ತು ಸುಮ್ಮನ ಕುಂತು, "ಆಗ ಹೇಳಿದ್ರ ಆರು ಉಳಿತಿದ್ವಲ್ಲವಾ" ಅಂದ್ಲು. ನಾ ಏನೂ ಅನಲಿಲ್ಲ. ಏನನ್ನೂದೈತಿ? ಆಮ್ಯಾಲ ಆಕಿನ ಚಾ ಇಟ್ಲು.

ಅತ್ತಿಯವರು ಈಗಿಲ್ಲ. ಅವರ ಚುಕ್ಕಿ ಕೋಳಿ ನಮ್ಮ ಹಿತ್ತಲದಾಗ ಹದಿನಾಕು, ಬಾಜೂ ಹಿತ್ತಲದಾಗ ಎಂಟು ಅದಾವ. ಮಧ್ಯಾಹ್ನ ಎರಡಕ್ಕ ನಾ ನೀರು ಬದಲಿ ಮಾಡಾಕ ಎದ್ದಾಗ ಆಕಿನೂ ಆ ಕಡೆ ಎದ್ದಿರ್ತಾಳ. ಯಾರರ ಒಬ್ರು ಊರಿಗೆ ಹೋಗಿದ್ರ ಇನ್ನೊಬ್ರು ಎರಡೂ ಕಡೆ ಗಡಗಿ ತುಂಬಸ್ತೀವಿ.

ನಿಮ್ಮ ಗೂಡಿಗೆ ನಾಳೆ ಮಧ್ಯಾಹ್ನ ಮೂರಕ್ಕ ಹೋಗಿ ಒಮ್ಮೆ ಅಂಗೈ ಹಚ್ಚಿ ನೋಡ್ರಿ. ಕೈ ಇಡಾಕ ಆಗದಿದ್ರ ಅವತ್ತ ಕಣಿಕಿ ಹೊರಸ್ರಿ.