ಮಗ್ಗದ ಗುಂಡಿಯ ಬಾಣಂತಿ

ಭಕ್ತಿಪಂಥಗಳ ಪಾಠದಲ್ಲಿ ಪ್ರತಿವರ್ಷವೂ ಒಂದು ಕೋತಿ ಮತ್ತು ಒಂದು ಬೆಕ್ಕು ನಮ್ಮ ತರಗತಿಗೆ ಬಂದುಹೋಗುತ್ತವೆ. ರಾಮಾನುಜರ ತರುವಾಯ ಶ್ರೀವೈಷ್ಣವ ಪರಂಪರೆಯು ವಡಗಲೆ, ತೆಂಗಲೆ ಎಂದು ಕವಲೊಡೆದಾಗ, ಭಗವಂತನ ಕೃಪೆಗೆ ಜೀವದ ಪ್ರಯತ್ನವೂ ಬೇಕೇ ಎಂಬ ಚರ್ಚೆಯನ್ನು ಈ ಎರಡು ಪ್ರಾಣಿಗಳ ದೃಷ್ಟಾಂತದಿಂದ ವಿವರಿಸುವ ರೂಢಿ ಬೆಳೆಯಿತು. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯುತ್ತದೆ. ಅದು ಮರ್ಕಟಕಿಶೋರ ನ್ಯಾಯ, ವೇದಾಂತದೇಶಿಕರ ಕಡೆಯವರದು. ಬೆಕ್ಕಿನ ಮರಿ ಏನನ್ನೂ ಮಾಡುವುದಿಲ್ಲ, ತಾಯಿಯೇ ಕತ್ತನ್ನು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಅದು ಮಾರ್ಜಾಲಕಿಶೋರ ನ್ಯಾಯ, ಪಿಳ್ಳೈ ಲೋಕಾಚಾರ್ಯರ ಕಡೆಯವರದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಈ ಸಲ ಹಿಂದಿನ ಬೆಂಚಿನಿಂದ ಒಬ್ಬಳು, "ಮರಿ ನಿಜವಾಗಿಯೂ ಏನನ್ನೂ ಮಾಡುವುದಿಲ್ಲವೇ ಮೇಡಂ?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಉತ್ತರ ಉದ್ದವಾದ್ದರಿಂದ ವಾರ್ತಾಪತ್ರದಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಕುರಿಚಿ. ಕೊಯಮತ್ತೂರಿನ ದಕ್ಷಿಣಕ್ಕೆ, ಪೊಳ್ಳಾಚಿ ರಸ್ತೆಯಲ್ಲಿದೆ. ಪುರಸಭೆಯಾಗಿದ್ದದ್ದು 2011ರಲ್ಲಿ ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಒಂದು ದೊಡ್ಡ ಕೆರೆ, ಸಿಡ್ಕೋ ಕೈಗಾರಿಕಾ ವಸಾಹತು, ಹಗಲೆಲ್ಲ ಲೇತುಗಳ ಸದ್ದು. ನಾವು ದೇವಾಂಗದವರು. ಆ ಸೀಮೆಯ ಅನೇಕ ದೇವಾಂಗ ಮನೆಗಳಲ್ಲಿ ಇಂದಿಗೂ ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು. ಅವ್ವನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಆದರೆ ಬೈಯುವುದೂ ಹರಸುವುದೂ ಕನ್ನಡದಲ್ಲಿಯೇ. ಅಜ್ಜನ ಕಾಲಕ್ಕೆ ಮಗ್ಗ ಮುಗಿಯಿತು. ನೇಕಾರ ಕುಳಿತು ಕಾಲು ಇಳಿಬಿಡುತ್ತಿದ್ದ ಎರಡಡಿ ಆಳದ ಗುಂಡಿ ಮಾತ್ರ ಹಿಂಬದಿಯ ಕೋಣೆಯಲ್ಲಿ ಹಾಗೆಯೇ ಉಳಿದಿದೆ. ಅದನ್ನು ಮುಚ್ಚಿಸೋಣವೆಂದು ಯಾರು ಹೇಳಿದರೂ ಅವ್ವ ಮಾತು ಬದಲಾಯಿಸುತ್ತಾಳೆ.

ಬೆಕ್ಕಿನ ಹೆಸರು ಲಾಳಿ. ನಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ. ಪಕ್ಕದ ಮನೆಯಲ್ಲಿ ಬೇಯಿಸುತ್ತಾರೆ. ಹೀಗಾಗಿ ಊಟ ಅಲ್ಲಿ, ನಿದ್ರೆ ಇಲ್ಲಿ. ದಿನವೆಲ್ಲ ಎರಡು ಮನೆಗಳ ನಡುವೆ ಅತ್ತಿಂದಿತ್ತ ಓಡುವ ಪ್ರಾಣಿಗೆ ನೇಕಾರರ ಮನೆಯಲ್ಲಿ ಬೇರೆ ಯಾವ ಹೆಸರನ್ನು ಇಟ್ಟಾರು?

ಕಳೆದ ವರ್ಷದ ಆಷಾಢದಲ್ಲಿ ಅವ್ವನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಎರಡು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಅಲ್ಲಿಯವರು ಅದನ್ನು ಆಡಿ ತಿಂಗಳು ಎನ್ನುತ್ತಾರೆ. ಪಾಲಕ್ಕಾಡಿನ ಕಣಿವೆಯ ಮೂಲಕ ಮಳೆಗಾಳಿ ನುಗ್ಗುವ ಕಾಲವದು. ಆಡಿಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆಂಬ ಗಾದೆ ತಮಿಳಿನಲ್ಲಿದೆ. ಕಲ್ಲು ಹಾರಿದ್ದನ್ನು ನಾನು ಕಂಡಿಲ್ಲ. ಹಂಚಿನ ಸಂದಿಯಿಂದ ಇಳಿಯುವ ಆ ಗಾಳಿ ರಾತ್ರಿ ಎಷ್ಟು ತಣ್ಣಗಿರುತ್ತದೆಂದು ಬಲ್ಲೆ.

ನಾನು ಹೋದ ಮೂರನೆಯ ಬೆಳಗಿನ ಜಾವ ಲಾಳಿ ಮಗ್ಗದ ಗುಂಡಿಯಲ್ಲಿ ಮರಿ ಹಾಕಿತು. ಅದಕ್ಕೇ ಇನ್ನೂ ವರ್ಷ ತುಂಬಿರಲಿಲ್ಲ, ಚೊಚ್ಚಲು. ಮೊದಲನೆಯ ಮರಿ ಹೊರಬಂದಾಗ ಲಾಳಿ ಬೆಚ್ಚಿ ಎದ್ದು, ಒಂದು ವಿಚಿತ್ರವಾದ ಕೂಗು ಹಾಕಿ ಗುಂಡಿಯ ಮೂಲೆಗೆ ಸರಿಯಿತು. ಮರಿಯನ್ನು ಸುತ್ತಿದ್ದ ಪೊರೆಯನ್ನು ನೆಕ್ಕಿ ಹರಿಯಬೇಕೆಂದು ಅದಕ್ಕೆ ಹೊಳೆಯಲೇ ಇಲ್ಲ. ಕೂಗು ಕೇಳಿ ನಾನು ಟಾರ್ಚು ಹಿಡಿದು ಬರುವ ಹೊತ್ತಿಗೆ ಆ ಮರಿ ಉಸಿರು ಕಾಣದೆಯೇ ಮುಗಿದಿತ್ತು. ಎರಡನೆಯದರ ಹೊತ್ತಿಗೆ ಲಾಳಿಯ ನಾಲಗೆಗೆ ತನ್ನ ಕೆಲಸ ತಿಳಿದಿತ್ತು. ಆಮೇಲೆ ಇನ್ನೆರಡು ಬಂದವು. ಎಲ್ಲ ಮುಗಿದ ಮೇಲೆ ಅದು ಗುಂಡಿಯಿಂದ ನೆಗೆದು ನೇರವಾಗಿ ಅವ್ವನ ಮಂಚದ ಬಳಿಗೆ ಹೋಗಿ, ಏನೂ ನಡೆದಿಲ್ಲವೆಂಬಂತೆ ಮಲಗಿಬಿಟ್ಟಿತು.

ಗುಂಡಿಯ ತಣ್ಣನೆಯ ಮಣ್ಣಿನ ಮೇಲೆ ಮೂರು ಮರಿಗಳು ಉಳಿದವು. ಅವುಗಳಲ್ಲಿ ಒಂದು ನೆನೆದ ನೂಲಿನ ಉಂಡೆಯಂತೆ ದೂರಕ್ಕೆ ಉರುಳಿತ್ತು. ಮುಟ್ಟಿದರೆ ಬೆರಳಿಗೇ ತಣ್ಣಗೆ ಹತ್ತುತ್ತಿತ್ತು.

ಪರಿಚಯದ ಪಶುವೈದ್ಯರೊಬ್ಬರು ಫೋನಿನಲ್ಲಿ ಮೊದಲು ಹೇಳಿದ್ದು ಹಾಲು ಕುಡಿಸಬೇಡಿ ಎಂದು. ಮೊದಲು ಬೆಚ್ಚಗಾಗಲಿ. ಹುಟ್ಟಿದ ವಾರದಲ್ಲಿ ಬೆಕ್ಕಿನ ಮರಿಗೆ ತನ್ನ ಮೈಯ ಶಾಖವನ್ನು ತಾನು ಕಾಯ್ದುಕೊಳ್ಳಲಾಗದು. ಚಳಿಗೆ ನಡುಗುವ ಶಕ್ತಿಯೂ ಇರದು. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಹೊಟ್ಟೆಯಲ್ಲಿ ನಿಂತು ಕೆಡುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಅವುಗಳಿಗೆ ಸುತ್ತಲೂ 30 ಡಿಗ್ರಿಯ ಆಸುಪಾಸು ಬೇಕು. ನಮ್ಮ ಹಿಂಬದಿಯ ಕೋಣೆಯಲ್ಲಿ ಆ ರಾತ್ರಿ 23 ಇದ್ದಿರಬಹುದು. ಗ್ರೈಂಡರ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಅವ್ವನ ಹಳೆಯ ಸೀರೆ ಹಾಸಿ, ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಟ್ಟೆ. ಶಾಖ ಹೆಚ್ಚಾದರೆ ಮರಿಗೆ ಇನ್ನೊಂದು ಬದಿಗೆ ತೆವಳಲು ಜಾಗವಿರಬೇಕು. (ಕೊಯಮತ್ತೂರಿನ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ರಟ್ಟಿನ ಪೆಟ್ಟಿಗೆಗೂ ಏನಾದರೊಂದು ಮಾನ್ಯತೆ ಸಲ್ಲಬೇಕೆಂದು ನನ್ನ ಅಭಿಪ್ರಾಯ.)

ನೂಲು ಜರಿಗಳ ವ್ಯಾಪಾರದ ದಿನಗಳಲ್ಲಿ ಅಪ್ಪ ಇಟ್ಟುಕೊಂಡಿದ್ದ ಸಣ್ಣ ತಕ್ಕಡಿಯೊಂದು ಗೂಡಿನಲ್ಲಿತ್ತು, ಒಂದೊಂದು ಗ್ರಾಮನ್ನೂ ತೋರಿಸುವಂಥದು. ಬೆಚ್ಚಗಾದ ಮರಿಗಳನ್ನು ತೂಗಿದೆ: 104, 97, 69. ಆರೋಗ್ಯವಂತ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ 10 ಗ್ರಾಮಿನಂತೆ ಹೆಚ್ಚಬೇಕು ಎಂದರು ವೈದ್ಯರು. ತಮಿಳು ದಿನಸರಿ ಕ್ಯಾಲೆಂಡರಿನಿಂದ ಅಂದಿನ ಹಾಳೆ ಹರಿದು, ಬೆನ್ನಿಗೆ ಮೂರು ಅಂಕಿಗಳನ್ನು ಬರೆದಿಟ್ಟೆ.

ಕನ್ನಡದಲ್ಲಿ ಗಿಣ್ಣು ಎಂಬ ಮಾತಿದೆ. ಎಮ್ಮೆ ಹಸುಗಳ ಗಿಣ್ಣನ್ನು ಬೇಯಿಸಿ ಸಿಹಿಮಾಡಿ ತಿನ್ನುವ ನಮಗೆ ಅದು ತಿಂಡಿಯ ಹೆಸರಾಗಿಬಿಟ್ಟಿದೆ. ತಮಿಳಿನವರ ಸೀಂಬಾಲೂ ಅಷ್ಟೇ. ಬೆಕ್ಕಿನ ಮರಿಗೆ ಮಾತ್ರ ಅದು ಆಯುಷ್ಯದ ಪ್ರಶ್ನೆ. ರೋಗವನ್ನು ತಡೆಯುವ ಸತ್ವವು ತಾಯಿಯ ಗರ್ಭದಲ್ಲಿ ಅದಕ್ಕೆ ಹೆಚ್ಚೇನೂ ದಕ್ಕಿರುವುದಿಲ್ಲ, ಗಿಣ್ಣುಹಾಲಿನಿಂದಲೇ ಸಿಗಬೇಕು; ಅದನ್ನು ಕರುಳು ಹೀರಿಕೊಳ್ಳುವುದೂ ಹುಟ್ಟಿದ ಮೊದಲ 16ರಿಂದ 18 ಗಂಟೆಗಳವರೆಗೆ ಮಾತ್ರ. ಲಾಳಿಯೋ ಮಂಚದ ಬುಡದಿಂದ ಏಳುತ್ತಿರಲಿಲ್ಲ. ಎತ್ತಿ ಪೆಟ್ಟಿಗೆಯಲ್ಲಿ ಬಿಟ್ಟರೆ ನೆಗೆದು ಹೊರಟುಬಿಡುತ್ತಿತ್ತು. ಮರಿಗಳ ಕೀರಲು ದನಿ ಕೇಳಿದರೆ ಕಾಲು ಸುಟ್ಟ ಬೆಕ್ಕಿನಂತೆ ಎಂಬ ನುಡಿಗಟ್ಟಿಗೆ ನಿದರ್ಶನವಾಗಿ ಮನೆಯೆಲ್ಲ ಸುತ್ತಿ, ಮತ್ತೆ ಅವ್ವನ ಬಳಿಗೆ ಬರುತ್ತಿತ್ತು.

ಪಕ್ಕದ ಮನೆಯ ಅತ್ತೆ ಬೇಯಿಸಿದ ನೆತ್ತಿಲಿ ಮೀನು ಹಿಡಿದು ಬಂದರು. ಮನುಷ್ಯರ ಕೈ ತಾಗಿದ್ದರಿಂದಲೇ ತಾಯಿ ಮರಿಗಳನ್ನು ಬಿಟ್ಟಿದೆ ಎಂಬುದು ಅವರ ತೀರ್ಮಾನ. ಈ ನಂಬಿಕೆ ನಮ್ಮ ಕಡೆಯೂ ಉಂಟು, ನನಗೆ ಒಪ್ಪಿಗೆಯಿಲ್ಲ. ಮನೆಯವರ ಕೈಗೆ ಒಗ್ಗಿದ ಬೆಕ್ಕು ಆ ವಾಸನೆಗೆ ಹೆದರುವುದಿಲ್ಲ; ಗದ್ದಲಕ್ಕೆ, ಬಂದು ಇಣುಕುವವರಿಗೆ ಹೆದರುತ್ತದೆ. ಅವ್ವ ಈ ವಾದಕ್ಕೆ ಕಿವಿಗೊಡಲಿಲ್ಲ. ಕಣ್ಣಿಗೆ ಪಟ್ಟಿ, ಬಾಗಬಾರದೆಂದು ವೈದ್ಯರ ಅಪ್ಪಣೆ, ಮಲಗಿದಲ್ಲಿಂದಲೇ ಅವಳೆಂದಳು: "ಅದು ನನ್ನ ಹತ್ರ ಇರ್ಬೇಕು ಅಂತ ಬರ್ತಾ ಇದೆ. ಮರಿಗಳನ್ನೇ ಇಲ್ಲಿಗೆ ತಾ."

ಪೆಟ್ಟಿಗೆ ಮಂಚದ ಕೆಳಗೆ ಬಂತು. ಬೀದಿಯ ಮಕ್ಕಳು ಬಾಗಿಲಲ್ಲೇ ನಿಂತರು. ಅವ್ವ ಒಂದು ಕೈ ಇಳಿಬಿಟ್ಟು ಲಾಳಿಯ ತಲೆ ಸವರುತ್ತಿದ್ದಳು. ಲಾಳಿ ಪೆಟ್ಟಿಗೆಯಲ್ಲಿ ಉದ್ದಕ್ಕೆ ಮಲಗಿತು.

ಆಗ ನಾನು ನೋಡಿದ್ದನ್ನು ವಿವರವಾಗಿ ಹೇಳಬೇಕು. ಮರಿಗಳಿಗೆ ಕಣ್ಣು ತೆರೆದಿಲ್ಲ, ಕಿವಿಯೂ ಮುಚ್ಚಿಕೊಂಡಿದೆ. ಆದರೂ 104 ಗ್ರಾಮಿನದು ತಲೆಯನ್ನು ಎಡಕ್ಕೆ ಬಲಕ್ಕೆ ತೂಗುತ್ತ, ಮುಂಗಾಲುಗಳಿಂದ ಸೀರೆಯನ್ನು ಎಳೆದೆಳೆದು, ತಾಯಿಯ ಬಿಸುಪಿನ ಕಡೆಗೆ ಹೊರಟಿತು. ಒಂದು ಗೇಣಿನ ದಾರಿಗೆ ಹತ್ತು ನಿಮಿಷ ಹಿಡಿಯಿತು. ಮೂತಿ ರೋಮದಲ್ಲಿ ಹುದುಗಿತು, ತಡಕಾಡಿತು, ತಪ್ಪಿತು, ಕೊನೆಗೆ ಮೊಲೆತೊಟ್ಟನ್ನು ಹಿಡಿಯಿತು. ಲಾಳಿ ಎದ್ದು ಹೋಗುತ್ತದೆಂದು ನಾನು ಉಸಿರು ಬಿಗಿಹಿಡಿದಿದ್ದೆ. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅದರ ಗಂಟಲಿನಿಂದ ಗುರುಗುರು ಸದ್ದು ಹೊರಟಿತು. ತಲೆ ತಿರುಗಿಸಿ ಮರಿಯನ್ನು ಮೊದಲ ಬಾರಿಗೆ ಸಾವಧಾನವಾಗಿ ನೆಕ್ಕಿತು. ಮರಿ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ರಸ ಹರಿಯುತ್ತದೆ. ಹಾಲು ಇಳಿಯುವುದು ಅದರಿಂದ, ಮರಿಯ ಮೇಲಿನ ಅಕ್ಕರೆ ಕುದುರುವುದರಲ್ಲಿಯೂ ಅದರ ಪಾಲಿದೆ. ಹೆತ್ತ ಆರು ಗಂಟೆಗಳ ಮೇಲೆ, ಒಂದು ಕುರುಡು ಮರಿಯ ಹಟದಿಂದ, ಲಾಳಿ ತಾಯಿಯಾಯಿತು.

69 ಗ್ರಾಮಿನದಕ್ಕೆ ಆ ಒಂದು ಗೇಣು ತೆವಳುವ ಶಕ್ತಿಯಿರಲಿಲ್ಲ. ತೊಟ್ಟಿಗೆ ಹಚ್ಚಿ ಹಿಡಿದರೆ ನಾಲ್ಕು ಸಲ ಚೀಪಿ ಸೋಲುತ್ತಿತ್ತು. ಉಳಿದವು ಅದನ್ನು ತಳ್ಳಿಬಿಡುತ್ತಿದ್ದವು. ಹಸುವಿನ ಹಾಲು ಆಗದು; ಬೆಕ್ಕಿನ ಹಾಲಿನಲ್ಲಿ ಅದರ ಸುಮಾರು ಎರಡು ಪಟ್ಟು ಪ್ರೋಟೀನ್ ಇದೆಯೆಂದೂ ಹಸುವಿನ ಹಾಲಿಗೆ ಮರಿಗಳು ಭೇದಿಯಿಂದ ನಿತ್ರಾಣವಾಗುವವೆಂದೂ ವೈದ್ಯರು ಎಚ್ಚರಿಸಿದ್ದರು. ಮರಿಗಳಿಗೆಂದೇ ಮಾರುವ ಹಾಲಿನ ಪುಡಿ ಪೇಟೆಯಿಂದ ಬಂತು. ಎರಡು ಗಂಟೆಗೊಮ್ಮೆ, ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸದೆ ಹೊಟ್ಟೆಯ ಮೇಲೆ ಕೂರಿಸಿ, ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ಕುಡಿಸುವುದು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಸವರುವುದು. ತಾಯಿ ನೆಕ್ಕದಿದ್ದರೆ ಅವಕ್ಕೆ ಮೂತ್ರವೂ ಇಳಿಯುವುದಿಲ್ಲ. ರಾತ್ರಿಯ ಸರದಿಗೆ ಅವ್ವನೇ ನನ್ನನ್ನು ಎಬ್ಬಿಸುತ್ತಿದ್ದಳು. ಪಟ್ಟಿಯ ಹಿಂದಿನ ಕತ್ತಲಲ್ಲಿ ಅವಳು ಮೂರು ಮರಿಗಳ ದನಿಗಳನ್ನೂ ಬೇರೆಬೇರೆಯಾಗಿ ಗುರುತಿಸುತ್ತಿದ್ದಳು.

ಕ್ಯಾಲೆಂಡರಿನ ಹಾಳೆಗಳಲ್ಲಿ ಅದರ ಲೆಕ್ಕ ಹೀಗಿದೆ: 69, 66, 66, 68, 71.

71ರ ರಾತ್ರಿಯೇ 97 ಗ್ರಾಮಿನದು ಕುಡಿಯುವುದನ್ನು ನಿಲ್ಲಿಸಿತು. ಅದು ಅಂದಿಗೆ 131 ಆಗಿತ್ತು. ನಾವು ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಮಧ್ಯರಾತ್ರಿಯಿಂದ ಒಂದೇ ಸಮನೆ ಕೂಗಿತು. ಲಾಳಿ ಅದನ್ನು ನೆಕ್ಕಿತು, ಮತ್ತೆ ಮತ್ತೆ ಮುಂಗಾಲಿನಿಂದ ಒಳಕ್ಕೆ ಎಳೆದುಕೊಂಡಿತು. ಬೆಳಗಾಗುವ ಮುನ್ನ ಕೂಗು ನಿಂತಿತು. ಮೊದಲ ವಾರದಲ್ಲಿ ಹೀಗಾಗುವುದುಂಟು ಎಂದಷ್ಟೇ ಹೇಳಿದರು ವೈದ್ಯರು. ಹಿತ್ತಲಿನ ನುಗ್ಗೆಮರದ ಕೆಳಗೆ ಮೊದಲನೆಯದರ ಪಕ್ಕದಲ್ಲಿ ಅದನ್ನು ಹೂಳಿದೆ. ಅಂದು ಮಧ್ಯಾಹ್ನದವರೆಗೂ ಲಾಳಿ ಸೀರೆಯ ಮಡಿಕೆಗಳನ್ನು ಕೆದಕಿ ನೋಡುತ್ತಿತ್ತು.

ಒಂಬತ್ತನೆಯ ದಿನ ದೊಡ್ಡದರ ಕಣ್ಣು ಬಿರಿಯಿತು. ಹನ್ನೊಂದನೆಯ ದಿನ ಸಣ್ಣದು 100 ಮುಟ್ಟಿತು. ಅಂದೇ ಸಂಜೆ ಲಾಳಿ ಮನೆ ಬದಲಿಸಲು ನಿರ್ಧರಿಸಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದರ ಆರಂಭ. ಕತ್ತಿನ ಸಡಿಲ ಚರ್ಮವನ್ನು ಹಲ್ಲಿಗೆ ಸಿಕ್ಕಿಸಿದೊಡನೆ ಮರಿ ಕೈಕಾಲು ಮುದುರಿ ಜೋತುಬಿತ್ತು, ಕೂಗಲಿಲ್ಲ, ಮಿಸುಕಲಿಲ್ಲ. ಮಾರ್ಜಾಲಕಿಶೋರ ನ್ಯಾಯದ ಬೆಕ್ಕು ಈ ಗಳಿಗೆಯ ಬೆಕ್ಕು. ದೃಷ್ಟಾಂತ ಕೊಟ್ಟವರು ಸರಿಯಾಗಿಯೇ ನೋಡಿದ್ದಾರೆ. ಎತ್ತಿದಾಗ ಮರಿ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಬಿಡುತ್ತದೆ, ಒಪ್ಪಿಸದಿದ್ದರೆ ಬೀಳುತ್ತದೆ. ಆದರೆ ಅದಕ್ಕೆ ಹನ್ನೊಂದು ದಿನ ಮೊದಲು ಅದೇ ಮರಿಯ ಒಡಹುಟ್ಟು ಎತ್ತುವ ತಾಯಿಯನ್ನು ತೆವಳಿ ಹುಡುಕಬೇಕಾಗಿತ್ತು. ಆ ಹತ್ತು ನಿಮಿಷ ಬೆಕ್ಕಿನ ಮರಿ ಕೋತಿಮರಿಯೇ ಆಗಿತ್ತು. ಕೇಳಿದ ವಿದ್ಯಾರ್ಥಿನಿಗೆ ನನ್ನ ಉತ್ತರ ಇಷ್ಟು. ಪರೀಕ್ಷೆಯಲ್ಲಿ ಮಾತ್ರ ಪಾಠದಲ್ಲಿ ಹೇಳಿದ್ದನ್ನೇ ಬರೆಯತಕ್ಕದ್ದು.

ಲಾಳಿ ಎರಡು ಮರಿಗಳನ್ನೂ ಅತ್ತೆಯ ಮನೆಯ ಅಟ್ಟಕ್ಕೆ ಸಾಗಿಸಿತು. ಮೀನಿಗೆ ಹತ್ತಿರವೆಂದು ಇರಬೇಕು. ಮರುದಿನ ನಾನು ರೈಲು ಹತ್ತಿದೆ. ತಕ್ಕಡಿ ಅತ್ತೆಯ ವಶವಾಯಿತು. ಅವ್ವ ವಾರಕ್ಕೊಮ್ಮೆ ಫೋನು ಮಾಡಿ, ತನ್ನ ಕಣ್ಣಿನ ಸುದ್ದಿಗಿಂತ ಮೊದಲು ಸಣ್ಣದರ ತೂಕ ಹೇಳುತ್ತಿದ್ದಳು: 140, ಆಮೇಲೆ 215. ಅದಾದ ಮೇಲೆ ಲಾಳಿ ಮೂಲೆಮನೆಯ ಟೈಲರ್ ಅಂಗಡಿಯ ಬಟ್ಟೆಚೂರುಗಳ ಗುಡ್ಡೆಗೆ ಹೋಗಿ ಸೇರಿದ್ದರಿಂದ ತೂಗುವುದು ನಿಂತಿತು. ಮುಂದಿನದು ಯಾರ ಮನೆಯೆಂದು ಬೀದಿಯ ಮಕ್ಕಳು ಪಂದ್ಯ ಕಟ್ಟಿದ್ದರಂತೆ.