ಹೀರೋ ಬೈಕಿಗೆ ಅಮ್ಮನೂ ಹತ್ತಬೇಕು!

ಪೋಸ್ಟರ್ ನೋಡಿ ಬೈಕ್ ಆರಿಸುವ ವಯಸ್ಸು ನಮ್ಮದು. ಬಗ್ಗಿದ ಹ್ಯಾಂಡಲ್, ಉದ್ದನೆಯ ಟ್ಯಾಂಕ್, ಒಬ್ಬನೇ ಕೂರುವ ಗಿಡ್ಡ ಸೀಟು, ಆ ಸೀಟಿನ ಹಿಂದೆ ಒಂದು ಗೂನು... ಇದಕ್ಕೇ ಕೆಫೆ ರೇಸರ್ ಅಂತ ಹೆಸರು. ಷೋರೂಮಿನಲ್ಲೂ ಸಿಗುತ್ತದೆ. ರಾಯಲ್ ಎನ್‌ಫೀಲ್ಡ್‌ನವರ ಕಾಂಟಿನೆಂಟಲ್ ಜಿ.ಟಿ. 650 ಬಂದದ್ದು 2018ರಲ್ಲಿ. ಬೆಲೆ ಕೇಳಿದರೆ ಮಾತ್ರ ನನ್ನಂಥ ಬಿಡಿ ಬರಹಗಾರನಿಗೆ ಕೆಫೆಯೂ ಬೇಡ, ರೇಸೂ ಬೇಡ ಅನ್ನಿಸುತ್ತದೆ! ಅದಕ್ಕೇ ಮನೆಯಲ್ಲಿದ್ದ ಅಪ್ಪನ ಹೀರೋ ಹೋಂಡಾ ಸಿ.ಡಿ. 100 ಎಸ್.ಎಸ್. ಮೇಲೆ ಕಣ್ಣು ಹಾಕಿದೆ.

ಅಂದ ಹಾಗೆ, ಈ ಷೋಕಿ ಹುಟ್ಟಿದ್ದು ಸಾಹುಕಾರರ ಮನೆಯಲ್ಲಲ್ಲ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಅಂತ ಒಂದು ಹೋಟೆಲು. 1938ರಲ್ಲಿ ಶುರುವಾದದ್ದು, ಯುದ್ಧದಲ್ಲಿ ಬಾಂಬು ಬಿದ್ದು ಹಾಳಾಗಿ 1949ರಲ್ಲಿ ಮತ್ತೆ ಎದ್ದು ನಿಂತದ್ದು. ದಿನವೆಲ್ಲ ಮೈ ಮುರಿದು ದುಡಿದ ಹುಡುಗರು ರಾತ್ರಿ ಅಲ್ಲಿ ಟೀ ಕುಡಿಯಲು ಸೇರುತ್ತಿದ್ದರು. ಯಂತ್ರದಲ್ಲಿ ಕಾಸು ಹಾಕಿ ಹಾಡು ಹಚ್ಚಿ, ಆ ಹಾಡು ಮುಗಿಯುವುದರೊಳಗೆ ಒಂದು ಸುತ್ತು ಹೊಡೆದು ಬರುತ್ತಿದ್ದರು ಅಂತ ಕಥೆ. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ಮುಟ್ಟಿದವನೇ ಗಂಡು! ಹೊಸ ರೇಸ್ ಬೈಕ್ ಕೊಳ್ಳಲು ಅವರ ಬಳಿ ಕಾಸೆಲ್ಲಿತ್ತು? ಇದ್ದ ಗಾಡಿಯಲ್ಲಿ ಬೇಡದ್ದನ್ನೆಲ್ಲ ಬಿಚ್ಚಿ ಎಸೆದರು. ನಾರ್ಟನ್ ಫ್ರೇಮಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಅಂತ ಕರೆದರು. 1964ರ 'ದಿ ಲೆದರ್ ಬಾಯ್ಸ್' ಚಿತ್ರದಲ್ಲಿ ಆ ಹುಡುಗರೂ ಇದ್ದಾರೆ, ಆ ಕೆಫೆಯೂ ಇದೆ. ಮರ್ಲನ್ ಬ್ರಾಂಡೋನ 1953ರ 'ದಿ ವೈಲ್ಡ್ ಒನ್' ಹೆಚ್ಚು ಹೆಸರು ಮಾಡಿತು, ನಿಜ. ಬ್ರಿಟನ್ನಿನ ಸೆನ್ಸಾರಿನವರು ಅದನ್ನು ಹತ್ತು ವರ್ಷಕ್ಕೂ ಮೇಲೆ ತಡೆಹಿಡಿದಿದ್ದರು. ಆದರೆ ಹೊಟ್ಟೆಪಾಡಿನ ಹುಡುಗರನ್ನು ಕಾಣಬೇಕಾದರೆ ಮೊದಲನೆಯದನ್ನೇ ನೋಡಿ ಎಂಬುದು ನನ್ನ ಅಭಿಪ್ರಾಯ.

ಈಗ ನಮ್ಮ ಮೈಸೂರಿಗೆ ಬನ್ನಿ. ಅಪ್ಪನ ಆಸೆ ಇದ್ದದ್ದು ಯೆಜ್ಡಿ ಮೇಲೆ. ಯಾದವಗಿರಿಯ ಆ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಪ್ಪ ಗಾಡಿ ಕೊಂಡದ್ದೂ ಅದೇ ವರ್ಷ. ತಂದದ್ದು ಸಿ.ಡಿ. 100. ಪೆಟ್ರೋಲ್ ಕಡಿಮೆ ಕುಡಿಯುತ್ತೆ ಅನ್ನೋದೊಂದೇ ಕಾರಣ. ನಾನು ಹುಟ್ಟುವ ಮೊದಲೇ ಮನೆಗೆ ಬಂದ ಗಾಡಿ, ಲೆಕ್ಕಕ್ಕೆ ನನಗೆ ಅಣ್ಣ! ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಜ್ವರ ಬಂದ ನಾನು, ಎಲ್ಲ ಹೊತ್ತಿದೆ. ಅಮ್ಮನಂತೂ ಹಿಂದಿನ ಸೀಟು ಬಿಟ್ಟರೆ ಬೇರೆ ಯಾವ ವಾಹನವನ್ನೂ ನಂಬುವವಳಲ್ಲ.

ನನ್ನ ಪ್ಲಾನ್ ಕೇಳಿ ಅಪ್ಪ ಸುಮ್ಮನಿದ್ದರು. ಅಮ್ಮ ಮೊಬೈಲಿನಲ್ಲಿದ್ದ ಫೋಟೋ ನೋಡಿ ಒಂದೇ ಮಾತು ಕೇಳಿದಳು.

"ಅಲ್ಲಾ ಕಣೋ, ಇದ್ರಲ್ಲಿ ನಾನೆಲ್ಲಿ ಕೂರ್ಲಿ?"

ಇದಕ್ಕೆ ಯಾವ ಫಿಲ್ಮಿನಲ್ಲೂ ಉತ್ತರ ಸಿಗಲ್ಲ ಗುರೂ! ತೆರೆಯ ಮೇಲೆ ಹೀರೋ ಬೈಕಿಗೆ ಹೀರೋಯಿನ್ ಹತ್ತುತ್ತಾಳೆ, ತಾಯಿ ಹತ್ತುವುದಿಲ್ಲ. ಷೂಟಿಂಗ್ ವರದಿಗೆ ಹೋದಾಗ ನೋಡಿದ್ದೇನೆ, ಷಾಟ್ ಓಕೆ ಆದೊಡನೆ ಹೀರೋ ಕುರ್ಚಿಗೆ ಹೋಗುತ್ತಾನೆ, ಬೈಕನ್ನು ಯಾರೋ ಹುಡುಗ ತಳ್ಳಿಕೊಂಡು ಹೋಗುತ್ತಾನೆ. ನಮ್ಮ ಬೈಕಿಗೆ ಪ್ಯಾಕಪ್ ಅನ್ನೋದೇ ಇಲ್ಲ.

ಹಿಂದೆ ಯೆಜ್ಡಿ ಕಾರ್ಖಾನೆಯಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಬೀಡಿ ಆರಿಸಿ ಹೇಳಿದರು: "ಹ್ಯಾಂಡಲ್ ತಿರುಗ್ಸು, ಬಣ್ಣ ಹೊಡಿ, ಏನಾದ್ರೂ ಮಾಡ್ಕೊ ಮಗಾ. ಫ್ರೇಮ್ ಮಾತ್ರ ಕೊಯ್ಬೇಡ. ಹಿಂದಿನ ಷಾಕ್ ಕೂತಿರೋದೇ ಆ ಕಬ್ಬಿಣದ ಮೇಲೆ. ಬೀದಿ ವೆಲ್ಡಿಂಗ್ ಗುಂಡೀಲಿ ಬಿಟ್ಕೊಂಡ್ರೆ ನಿಮ್ಮಮ್ಮಂಗೆ ಏನ್ ಉತ್ತರ ಹೇಳ್ತೀಯ?"

ಅಲ್ಲಿಗೆ ನಿರ್ಧಾರವಾಯಿತು. ಸೀಟು ಇಬ್ಬರದೇ ಇರಲಿ, ಗೂನು ಮಾತ್ರ ಬಿಚ್ಚಿ ಹಾಕುವಂತಿರಲಿ!

ಕುಷನ್ ಅಂಗಡಿಯಲ್ಲಿ ಹಳೇ ಸೀಟಿನ ಸ್ಪಂಜ್ ತೆಳುವಾಗಿ ಕೊಯ್ಯಿಸಿ, ಮೇಲೆ ಕಪ್ಪು ರೆಕ್ಸಿನ್ ಹೊಲಿಸಿದೆ. ಬೋಲ್ಟುಗಳೆಲ್ಲ ಹಳೆಯ ತೂತಿಗೇ. ಗೂನನ್ನು ಹಿತ್ತಲಲ್ಲಿ ನಾನೇ ಮಾಡಿದೆ. ಥರ್ಮಾಕೋಲ್ ತುಂಡು ಅಂಟಿಸಿ, ಚಾಕುವಿನಲ್ಲಿ ಕೆತ್ತಿ, ಹಿಂದಿನ ಸೀಟಿನ ಮೇಲೆ ಟೋಪಿಯ ಹಾಗೆ ಕೂರುವ ಆಕಾರ ತಂದೆ. ಅದರ ಮೇಲೆ ಕಂದು ಟೇಪ್ ಎಲ್ಲೂ ಬಿಡದೆ ಸುತ್ತಬೇಕು. ಇಲ್ಲದಿದ್ದರೆ ರೆಸಿನ್ ತಾಕಿದ ಕಡೆಯೆಲ್ಲ ಥರ್ಮಾಕೋಲ್ ಬೆಣ್ಣೆಯಂತೆ ಕರಗುತ್ತದೆ. ಆಮೇಲೆ ಫೈಬರ್ ಮ್ಯಾಟ್, ಹಾರ್ಡನರ್ ಬೆರೆಸಿದ ರೆಸಿನ್, ಮತ್ತೆ ಮ್ಯಾಟ್, ಮೂರು ಪದರ. ಒಣಗಿದ ಮೇಲೆ ಉಪ್ಪುಕಾಗದ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು. ಫೈಬರ್ ಪುಡಿ ಮೈಗೆ ಹತ್ತಿದರೆ ರಾತ್ರಿಯೆಲ್ಲ ತುರಿಕೆಯ ಭರತನಾಟ್ಯ. ಎರಡು ಭಾನುವಾರ ಇದರಲ್ಲೇ ಹೋಯಿತು.

ಹ್ಯಾಂಡಲಿಗೆ ಖರ್ಚೇ ಇಲ್ಲ. ಇದ್ದದ್ದನ್ನೇ ಬಿಚ್ಚಿ ತಲೆಕೆಳಗಾಗಿ ಕೂರಿಸಿದೆ. ಇಲ್ಲೊಂದು ಪರೀಕ್ಷೆ ಇದೆ, ಮರೆಯಬೇಡಿ. ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲಿನಲ್ಲಿ ನಿಲ್ಲಿಸಿ, ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಂಜಿನ್ ತಾನಾಗಿ ರೇಸ್ ಆದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ಕೇಬಲಿನ ದಾರಿ ಬದಲಿಸಿ. ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಲೂಬಾರದು. ಸಂತೆಯ ತಿರುವಿನಲ್ಲಿ ಗಾಡಿ ತಾನಾಗಿ ಮುಂದಕ್ಕೆ ಹಾರಿದರೆ ಅದು ಸ್ಟಂಟ್ ಅಲ್ಲ, ಆಸ್ಪತ್ರೆ.

ಸೈಲೆನ್ಸರ್ ಮುಟ್ಟಲಿಲ್ಲ. 97 ಸಿ.ಸಿ. ಗಾಡಿಯ ಸೈಲೆನ್ಸರ್ ಕೊಯ್ದರೆ ವೇಗ ಬರಲ್ಲ, ಬೈಗುಳ ಬರುತ್ತೆ. ಸೀರೆ ಗಾರ್ಡ್ ತೆಗಿ ಅಂತ ಗೆಳೆಯರು ಬಹಳ ಹೇಳಿದರು. ಕೇಂದ್ರದ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದೆ ಕೂರುವವರಿರುವ ಗಾಡಿಗೆ ಅರ್ಧ ಚಕ್ರವಾದರೂ ಮುಚ್ಚುವ ಕಾಪು ಇರಲೇಬೇಕು. ಅಮ್ಮ ಉಡುವುದು ಸೀರೆ. ಮಾತು ಮುಗಿಯಿತು.

ಕಾನೂನಿನ ಮಾತು ಬಂತಲ್ಲ, ಇನ್ನೂ ಒಂದು. ಕಂಪನಿಯವರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತಾಯಿತು. ಆರ್.ಸಿ.ಯಲ್ಲಿ ಬಣ್ಣ ಕಪ್ಪು ಅಂತಿದೆ, ಕಪ್ಪೇ ಹೊಡೆಸಿದೆ. ಸೀಟು ಎರಡು ಅಂತಿದೆ, ಎರಡೇ ಇದೆ. 15 ವರ್ಷ ದಾಟಿದ ಗಾಡಿ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಆ ದಿನ ಹ್ಯಾಂಡಲ್ ಮೊದಲಿನಂತೆ ಇರುತ್ತದೆ.

ಒಟ್ಟು ಖರ್ಚು 6,800 ರೂಪಾಯಿ, ಬಣ್ಣ ಸೇರಿ. ವೇಗ ಒಂದು ಕಿಲೋಮೀಟರೂ ಹೆಚ್ಚಲಿಲ್ಲ. 80 ದಾಟಿದರೆ ಈಗಲೂ ಕನ್ನಡಿಯೊಳಗಿನ ಲೋಕ ನಡುಗುತ್ತದೆ. ಆದರೆ ಬೆಳಗಿನ ಜಾವ ರಿಂಗ್ ರೋಡಿನಲ್ಲಿ ಟ್ಯಾಂಕಿನ ಮೇಲೆ ಎದೆ ಬಗ್ಗಿಸಿ ಹೊರಟರೆ 60 ಅನ್ನೋದು 160ರ ಹಾಗೆ ಕೇಳಿಸುತ್ತೆ ಸ್ವಾಮಿ!

ಅಪ್ಪ ಒಂದು ಸುತ್ತು ಹೋಗಿ ಬಂದರು. ಸೊಂಟ ಹಿಡಿದುಕೊಂಡು ಇಳಿದು, "ಯೆಜ್ಡಿ ಆಗಿದ್ರೆ ಇನ್ನೂ ಚೆನ್ನಾಗಿರೋದು" ಅಂದರು. ಆಮೇಲೆ ಯಾರೂ ಹೇಳದೆ ಬಟ್ಟೆ ತಂದು ಟ್ಯಾಂಕ್ ಒರೆಸಿದರು.

ಸೋಮವಾರ ಅಮ್ಮನನ್ನು ನಂಜನಗೂಡಿಗೆ ಕರೆದುಕೊಂಡು ಹೋಗಬೇಕು. ಎರಡು ಬೋಲ್ಟ್, ಒಂದು ಸ್ಪ್ಯಾನರ್, ಐದು ನಿಮಿಷ... ಗೂನು ಬಿಚ್ಚಿ ಅಟ್ಟದ ಮೇಲಿಟ್ಟಿದ್ದೇನೆ. ಅವಳ ಹೆಲ್ಮೆಟ್ಟಿನ ಪಟ್ಟಿಯೊಂದು ಸಡಿಲವಾಗಿದೆ, ಅದನ್ನು ಸರಿ ಮಾಡಿಸಬೇಕು.