ಜಗಳಕ್ಕೊಂದು ಜಾಗವಿತ್ತು

ನಾನು ಹೆಣ್ಣು ನೋಡಲು ಬಸವನಗುಡಿಗೆ ಹೋದದ್ದು ಒಂದು ಶುಕ್ರವಾರ. ದಿನ ಒಳ್ಳೆಯದೆಂದು ಅಮ್ಮ ಆರಿಸಿದ್ದಳು. ಜೊತೆಗೆ ಬಂದ ಸೋದರಮಾವನ ಲೆಕ್ಕಾಚಾರ ಬೇರೆ: ಹೆಣ್ಣು ಒಪ್ಪಿಗೆಯಾಗಲಿ ಬಿಡಲಿ, ವಾಪಸು ಬರುವಾಗ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮಸಾಲೆದೋಸೆ ತಿನ್ನಬೇಕು. ಹೋದರೆ ಬಾಗಿಲು ಹಾಕಿತ್ತು. ಶುಕ್ರವಾರ ವಾರದ ರಜೆ. ಮಾವ ಫುಟ್‌ಪಾತಿನ ಮೇಲೆ ನಿಂತು, “ಇದೇನಯ್ಯಾ, ಇವರದು ದೋಸೆಗೂ ಮಡಿಯೇ? ನಮ್ಮ ಮಲ್ಲೇಶ್ವರದಲ್ಲಾದ್ರೆ ಸಿಟಿಆರ್‌ನಲ್ಲಿ ಈಗ ಎರಡನೇ ದೋಸೆ ನಡೀತಿತ್ತು” ಎಂದ. ಮಾತು ಮಧ್ಯಸ್ಥರ ಮೂಲಕ ಹೆಣ್ಣಿನ ಮನೆಗೂ ತಲುಪಿತು. ಮದುವೆಯಾಗಿ ಮನೆ ತುಂಬಿಸಿಕೊಂಡ ಮೇಲೆ ನನ್ನ ಹೆಂಡತಿ ಆಡಿದ ಮೊದಲ ಸ್ವಂತ ಮಾತು: “ಶುಕ್ರವಾರ ಬಂದು ದೋಸೆ ಕೇಳಿದವರು ನೀವೇ ಅಲ್ವಾ?”

ಅಲ್ಲಿಂದ ಶುರುವಾದ ಜಗಳ ಮೂವತ್ತು ವರ್ಷಕ್ಕೂ ಮೇಲೆ ನಡೆಯಿತು. ಪಾತ್ರೆ ಎಸೆಯುವಂಥದ್ದಲ್ಲ, ಊಟಕ್ಕೆ ಉಪ್ಪಿನಕಾಯಿ ಇದ್ದಂತೆ. ಬೆಂಗಳೂರಿನಲ್ಲಿ ಸಂಸಾರ ಹೂಡಲು ಯಾವ ಬಡಾವಣೆ ಮೇಲು ಎಂಬುದಷ್ಟೇ ವಿಷಯ. ನನ್ನ ಕಡೆ ಸಂಪಿಗೆ ರಸ್ತೆ, ಎಂಟನೇ ಕ್ರಾಸಿನ ಹೂವು, ಸ್ಯಾಂಕಿ ಕೆರೆಯ ಗಾಳಿ, ಬೆಳಗಿನ ಜಾವ ಸ್ಟೇಷನ್ ಕಡೆಯಿಂದ ಬರುವ ರೈಲಿನ ಕೂಗು. ಅವಳ ಕಡೆ ಕಹಳೆ ಬಂಡೆ, ಕೃಷ್ಣರಾವ್ ಪಾರ್ಕು, ಕಾರ್ತೀಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ. “ನಿಮ್ಮಲ್ಲಿ ವಿಳಾಸ ಕೇಳಿದ್ರೆ ಮಗ್ಗಿ ಒಪ್ಪಿಸ್ತಾರೆ, ಆರನೇ ಕ್ರಾಸು ಏಳನೇ ಮೇನು ಅಂತ. ನಮ್ಮಲ್ಲಿ ಸರ್ವೇಯರ್ ಸ್ಟ್ರೀಟು, ಪಟಾಲಮ್ಮನ ಗುಡಿ ಬೀದಿ. ಬೀದಿಗೂ ಒಂದು ಹೆಸರು ಬೇಡವೇನ್ರೀ?” ಸಂಪಿಗೆ ರಸ್ತೆಗೇನಾಗಿದೆ ಎಂದರೆ, “ಪಕ್ಕದ ಮಾರ್ಗೋಸಾ ರಸ್ತೆ? ಬೇವಿನ ಮರಕ್ಕೆ ಟೋಪಿ ಹಾಕಿಸಿದವರು ನೀವು” ಎನ್ನುವಳು. ಹದಿನೈದನೇ ಕ್ರಾಸಿನ ಸರ್ ಸಿ.ವಿ. ರಾಮನ್ ಮನೆಯನ್ನು ನಾನು ಎತ್ತಿದರೆ ಅವಳು ಡಿವಿಜಿ, ಮಾಸ್ತಿ ಇಬ್ಬರನ್ನೂ ಒಟ್ಟಿಗೆ ಅಖಾಡಕ್ಕಿಳಿಸುತ್ತಿದ್ದಳು. ಮಾಸ್ತಿಯವರ ಮನೆ ಇದ್ದದ್ದು ಗವೀಪುರದಲ್ಲಿ ಎಂದು ತಕರಾರು ತೆಗೆದರೆ, “ಸಂಜೆ ಇಸ್ಪೀಟಿಗೆ ಬರ್ತಿದ್ದದ್ದು ಬಸವನಗುಡಿ ಕ್ಲಬ್ಬಿಗೆ ತಾನೆ?”

ನಿಜ ಹೇಳಬೇಕೆಂದರೆ ಎರಡೂ ಒಂದೇ ಬಸಿರಿನವು. ಪೇಟೆಯ ಇಕ್ಕಟ್ಟು ಬಿಡಿಸಲು ಹೊಸ ಬಡಾವಣೆಗಳ ಯೋಚನೆ ಮೊದಲೇ ಇತ್ತು. 1898ರ ಪ್ಲೇಗು ಅದಕ್ಕೆ ಅವಸರ ತಂದಿತು. ಇಲಿ ಸತ್ತು ಬೀಳುವ ಗಲ್ಲಿಗಳಿಂದ ಜೀವ ಉಳಿಸಿಕೊಂಡವರಿಗೆ ಅಗಲವಾದ ರಸ್ತೆ, ನಾಲ್ಕೂ ಕಡೆ ಜಾಗ ಬಿಟ್ಟ ಮನೆ, ಮನೆಯ ಬೆನ್ನಿಗೊಂದು ಓಣಿ. ಆ ಓಣಿಗೆ ಕಾಗದಪತ್ರದಲ್ಲಿ ಕನ್ಸರ್ವೆನ್ಸಿ ಲೇನ್ ಎಂದು ಗೌರವದ ಹೆಸರು. ಮಲ ಹೊರುವವರು ಮುಂಬಾಗಿಲ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಮಾಡಿದ ದಾರಿ. ಗಾಳಿ ಬೆಳಕಿನ ನಮ್ಮ ಮನೆಗಳ ಹಿಂದೆ ಯಾರ ತಲೆಯ ಮೇಲೆ ಏನಿತ್ತು ಎಂಬುದನ್ನು ಇಷ್ಟು ವರ್ಷದ ಜಗಳದಲ್ಲಿ ಇಬ್ಬರೂ ಒಮ್ಮೆಯೂ ಎತ್ತಿಲ್ಲ. ನನ್ನ ಬಾಲ್ಯದ ಹೊತ್ತಿಗೆ ಒಳಚರಂಡಿ ಬಂದು, ಓಣಿ ನಮ್ಮ ಕ್ರಿಕೆಟ್ಟಿಗೂ ಬೆಕ್ಕುಗಳ ಬಾಣಂತನಕ್ಕೂ ಸಿಕ್ಕಿತ್ತು.

ಮಲ್ಲೇಶ್ವರದ ಮನೆ ತಾತ ಕಟ್ಟಿಸಿದ್ದು. ಕಿಟಕಿಗಳ ಮೇಲೆ ಚೂಪಾದ ಮಂಕಿ ಟಾಪು, ತಲೆಯ ಮೇಲೆ ಮದ್ರಾಸ್ ತಾರಸಿ, ಕಾಲಡಿಗೆ ರೆಡ್ ಆಕ್ಸೈಡ್ ನೆಲ. ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಒರೆಸಿದರೆ ಆ ನೆಲದಲ್ಲಿ ಕಿಟಕಿಯ ಸರಳು ಎಣಿಸಬಹುದಿತ್ತು. ಅಡಿಗೆಮನೆಯ ಹೊಸಿಲ ಪಕ್ಕದಲ್ಲಿ ಮಾತ್ರ ಒಂದು ಮೊರದಗಲ ಬಣ್ಣ ಕಳೆದಿತ್ತು. ಅಜ್ಜಿ ಈಳಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದ ಜಾಗ. ಮಣೆಯ ಕಾಲು ಉಜ್ಜಿ ಉಜ್ಜಿ ಎರಡು ಗೀರು, ಅವುಗಳ ಮುಂದೆ ತುಸು ತಗ್ಗು. ಮಳೆಗಾಲದಲ್ಲಿ ಆ ತಗ್ಗಿನಲ್ಲಿ ಒಂದು ಚಮಚದಷ್ಟು ತೇವ ನಿಲ್ಲುತ್ತಿತ್ತು.

ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಹೊಟ್ಟಿನ ಒಲೆ. ಮಧ್ಯೆ ಕೋಲು ನಿಲ್ಲಿಸಿ, ಸುತ್ತ ಮರದ ಹೊಟ್ಟನ್ನು ಗುದ್ದಿ ತುಂಬಿ, ಕೋಲನ್ನು ಮೆಲ್ಲಗೆ ತಿರುಗಿಸುತ್ತ ಎಳೆಯಬೇಕು. ಅವಸರಪಟ್ಟರೆ ಹೊಟ್ಟೆಲ್ಲ ಕುಸಿದು ಮನೆ ತುಂಬ ಹೊಗೆ. ಹೊಸದಾಗಿ ಬಂದಾಗ ಹೆಂಡತಿ ಮೂರು ಸಲ ಕುಸಿಸಿದಳು. “ಬಸವನಗುಡಿಯವರಿಗೆ ಒಲೆ ಹಚ್ಚೋಕೂ ಬರಲ್ಲ” ಎಂದೆ. ಕಣ್ಣುಜ್ಜಿಕೊಳ್ಳುತ್ತ, “ನಮ್ಮನೇಲಿ ಗೀಸರ್ ಇದೆ” ಎಂದಳು. ಆ ಸುತ್ತು ಅವಳದು.

ನನ್ನ ತಂಗಿ ಜಯನಗರಕ್ಕೆ ಸೊಸೆಯಾಗಿ ಹೋದವಳು. ಬಂದಾಗಲೆಲ್ಲ ಅಗಲ ರಸ್ತೆ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ಎಂದು ಬಾಯಿ ಹಾಕುತ್ತಿದ್ದಳು. ಅಷ್ಟರ ಮಟ್ಟಿಗೆ ನಾವು ಗಂಡಹೆಂಡಿರು ಒಂದಾಗಿಬಿಡುತ್ತಿದ್ದೆವು: 1948ರಲ್ಲಿ ಹುಟ್ಟಿದ ಕೂಸು, ದೊಡ್ಡವರ ಮಾತಿನ ಮಧ್ಯೆ ಬರಬಾರದು.

ಅಪ್ಪ ಹೋದ ಮೇಲೆ ಐವರು ಮಕ್ಕಳಿಗೆ ಒಂದು ಸೈಟು. ಯಾರೂ ಕೆಟ್ಟವರಲ್ಲ. ಒಬ್ಬನಿಗೆ ಮಗಳ ಮದುವೆ, ಇನ್ನೊಬ್ಬನಿಗೆ ಅಮೆರಿಕದ ಮಗನ ಸಾಲ, ನನಗೂ ಸೋರುವ ತಾರಸಿಯನ್ನು ಪ್ರತಿ ಮಳೆಗಾಲ ತೇಪೆ ಹಾಕಿ ಸಾಕಾಗಿತ್ತು. ಒಡೆಯುವ ಮುನ್ನ ಹಳೇ ಮನೆಗಳ ಸಾಮಾನು ಕೊಳ್ಳುವವನು ಬಂದ. ಬಾಗಿಲು ತಟ್ಟಿ ನೋಡಿದ, ತೊಲೆ ಎಣಿಸಿದ, ಮಂಕಿ ಟಾಪನ್ನು ಹೋಟೆಲಿನವರು ಕೇಳುತ್ತಾರೆಂದು ಪಕ್ಕಕ್ಕಿಡಿಸಿದ. ನೆಲಕ್ಕೆ ಏನು ಕೊಡ್ತೀಯಪ್ಪಾ ಎಂದೆ, ಯಾಕೆ ಕೇಳಿದೆನೋ. “ನೆಲಕ್ಕೆ ಬೆಲೆ ಇಲ್ಲ ಸಾರ್. ಎಬ್ಬಿಸಿದ್ರೆ ಪುಡಿ.” ಅಜ್ಜಿ ಕೂರುತ್ತಿದ್ದ ತಗ್ಗಿನ ಮೇಲೆ ಚಪ್ಪಲಿ ಕಾಲಿಟ್ಟುಕೊಂಡೇ ಹೇಳಿದ.

ಹೆಂಡತಿಯ ತವರು ಒಂದರ್ಥದಲ್ಲಿ ಪುಣ್ಯ ಮಾಡಿತ್ತು, ಒಡೆಯಲಿಲ್ಲ. ಕೊಂಡವರು ಗೋಡೆಗಳನ್ನು ಹಾಗೇ ಇಟ್ಟು, ‘ಅಜ್ಜಿಯ ಕೈರುಚಿ’ಯ ತಿಂಡಿ ಮಾರುತ್ತಾರೆ. ಒಂದು ಭಾನುವಾರ ಹೋದೆವು. ಕೋಣೆ ಕೋಣೆಗೂ ಟೇಬಲು, ದೇವರಗೂಡಿನಲ್ಲಿ ಬಿಲ್ಲಿನ ಮೆಷೀನು. ನಡುಮನೆಯಲ್ಲಿ ಅವಳ ತಾತನ ಆರಾಮಕುರ್ಚಿ ಇದ್ದ ಮೂಲೆಗೆ ಅವಳು ನೇರ ಹೋಗಿ ಕುಳಿತಳು. ಮಾಣಿ ಹುಡುಗ ಪಾಪ, ವಿನಯವಂತ: “ಮೇಡಂ, ಇದು ರಿಸರ್ವ್ ಆಗಿದೆ. ಹಿಂದೆ ಕೂತ್ಕೊಳಿ, ಅಲ್ಲಿ ಗಾಳಿ ಚೆನ್ನಾಗಿದೆ.” ಹಿಂದೆ ಎಂದರೆ ದನ ಕಟ್ಟುತ್ತಿದ್ದ ಹಿತ್ತಿಲು. ಅಲ್ಲೇ ಕುಳಿತು ಕಾಫಿ ಕುಡಿದೆವು. ಹೇಗಿದೆ ಎಂದೆ. “ಚಿಕೋರಿ ಜಾಸ್ತಿ” ಎಂದಳು. ಬೇರೇನೂ ಹೇಳಲಿಲ್ಲ.

ಈಗ ಕನಕಪುರ ರಸ್ತೆಯಲ್ಲಿ ಹನ್ನೊಂದನೇ ಮಹಡಿ. ಬಂದ ಹೊಸದರಲ್ಲಿ, ಈ ರಸ್ತೆ ಶುರುವಾಗುವುದೇ ಬಸವನಗುಡಿಯಲ್ಲಿ, ಹಾಗಾಗಿ ಗೆದ್ದದ್ದು ತಾನೇ ಎಂದು ವಾದ ಹೂಡಿದ್ದಳು. ಆಮೇಲಾಮೇಲೆ ಅದೂ ನಿಂತಿತು. ಕಾಡುಮಲ್ಲೇಶ್ವರನ ಗುಡಿಯ ಹತ್ತಿರವೂ ಕಡಲೆಕಾಯಿ ಪರಿಷೆ ನಡೆಯುತ್ತಿರುವ ಸುದ್ದಿಯನ್ನು ಪೇಪರಿನಲ್ಲಿ ನಾನೇ ಬೇಕೆಂದು ಗಟ್ಟಿಯಾಗಿ ಓದಿದೆ. ಹಿಂದಾಗಿದ್ದರೆ ‘ನಮ್ಮ ಪರಿಷೆಯನ್ನೂ ಕದ್ದಿರಾ’ ಎಂದು ವಾರವಿಡೀ ನಡೆಯುತ್ತಿತ್ತು. “ಒಳ್ಳೇದಾಯ್ತು ಬಿಡಿ, ರೈತರಿಗೆ ಇನ್ನೊಂದು ಕಡೆ ವ್ಯಾಪಾರ” ಎಂದು ಅವಳು ಬೀನ್ಸಿನ ನಾರು ತೆಗೆಯುವುದನ್ನು ಮುಂದುವರಿಸಿದಳು.

ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಪಕ್ಕದ ಫ್ಲ್ಯಾಟಿನ ಹುಡುಗಿ ಬಂದಳು. ಮದುವೆಯಾಗಿ ಊರಿಗೆ ಹೊಸಬಳು. ಒಳ್ಳೆಯ ಹೂವು ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ನಾನು ಪೇಪರಿನ ಹಿಂದೆ ಕಿವಿ ನಿಮಿರಿಸಿ, ಗಾಂಧಿ ಬಜಾರು ಎಂಬ ಉತ್ತರಕ್ಕೆ ನನ್ನ ಎಂದಿನ ಜವಾಬು ಸಿದ್ಧಮಾಡಿಕೊಂಡೆ.

“ಮಲ್ಲೇಶ್ವರಕ್ಕೆ ಹೋಗಮ್ಮ, ಎಂಟನೇ ಕ್ರಾಸಿಗೆ” ಎಂದಳು ನನ್ನ ಹೆಂಡತಿ. “ಮೆಟ್ರೋ ಹತ್ತಿದ್ರೆ ಸೀದಾ ಸಂಪಿಗೆ ರಸ್ತೆಯಲ್ಲಿ ಇಳೀಬಹುದು. ಗಾಂಧಿ ಬಜಾರಿಗಿಂತ ಅಲ್ಲೇ ಚೆನ್ನಾಗಿರುತ್ತೆ.”

ಹುಡುಗಿ ಹೋದ ಮೇಲೆ ಪೇಪರು ಮಡಿಚಿಟ್ಟು ಅಡಿಗೆಮನೆಗೆ ಹೋದೆ.

“ಗಾಂಧಿ ಬಜಾರಿನ ಹೂವಿಗೆ ಏನಾಗಿದೆಯೇ?” ಎಂದೆ. ದನಿ ಸ್ವಲ್ಪ ಏರಿತ್ತೋ ಏನೋ.

“ಏನೂ ಆಗಿಲ್ಲ” ಎಂದಳು. “ಕಾಫಿ ಬೇಕಾ?”